ದೊಡ್ಡಮನೆಯ ಕಿರಿಯ ರಂಗ

ಡಬ್ಲಿನ್ ನಗರದ ಆಬಿ ನಾಟಕಶಾಲೆಯ ಹೆಸರನ್ನು ಕೇಳದ ನಾಟಕಾಭಿಮಾನಿಗಳು ವಿರಳ. ಯೇಟ್ಸ್ ಕವಿಯೂ ಲೇಡಿ ಗ್ರೆಗರಿಯವರೂ ಮೊದಲಾದವರು ಕಟ್ಟಿದ ಆ ಸಂಸ್ಥೆ 1904ನೆಯ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ನಮ್ಮ ರವೀಂದ್ರರ ‘ಅಂಚೆಯ ಮನೆ’ 1913ರಲ್ಲಿ ಇಂಗ್ಲಿಷಿನಲ್ಲಿ ಮೊದಲು ರಂಗವೇರಿದುದು ಅಲ್ಲಿಯೇ. ಆದರೆ ಆ ದೊಡ್ಡಮನೆಯ ಮಗ್ಗುಲಲ್ಲಿ 1927ರಲ್ಲಿ ಹುಟ್ಟಿದ ಪೀಕಾಕ್ ಎಂಬ ಕಿರಿಯ ರಂಗದ ಮಾತನ್ನು ಎತ್ತುವವರು ಕಡಮೆ. ಎತ್ತಿದರೂ, ಎಳೆಯರು ಕೈ ಪಳಗಿಸಿಕೊಳ್ಳುವ ಕೊಠಡಿಯೆಂದು ಒಂದು ಮಾತಿನಲ್ಲಿ ಮುಗಿಸಿಬಿಡುವುದುಂಟು. ಈ ಉಪೇಕ್ಷೆ ನ್ಯಾಯವಲ್ಲವೆಂದು ನಮಗೆ ತೋರುತ್ತದೆ. ಹಿರಿಯ ಸಂಸ್ಥೆಯೊಂದರ ಯೋಗ್ಯತೆಯನ್ನು ಅಳೆಯುವಾಗ, ಅದು ತನ್ನ ಕಿರಿಯ ರಂಗವನ್ನು ಹೇಗೆ ನಡೆಸಿಕೊಂಡಿತೆಂಬುದನ್ನೂ ನೋಡಬೇಕು.

ಚಿಕ್ಕ ರಂಗದ ಹಂಬಲ ಯೇಟ್ಸರಿಗೆ ಬಹುಕಾಲದಿಂದ ಇದ್ದಿತು. ಜಪಾನಿನ ನೋ ನಾಟಕಗಳಿಂದ ಸ್ಫೂರ್ತಿಗೊಂಡು ಬರೆದ ‘ಗಿಡುಗನ ಬಾವಿಯ ಬಳಿ’ ಎಂಬ ಕೃತಿಯನ್ನು ಅವರು 1916ರಲ್ಲಿ ಲಂಡನ್ನಿನ ಒಂದು ದಿವಾನಖಾನೆಯಲ್ಲಿ, ಪರದೆ ಪಟಗಳ ಆಡಂಬರವಿಲ್ಲದೆ ಆಡಿಸಿದರು. 1919ರಲ್ಲಿ ಲೇಡಿ ಗ್ರೆಗರಿಯವರನ್ನು ಸಂಬೋಧಿಸಿ ಬರೆದ ಲೇಖನದಲ್ಲಂತೂ, ಆಬಿಗೆ ದೊರೆತ ಜನಾದರವೇ ತಮಗೆ ಒಂದು ಸೋಲೆಂದು ಹೇಳಿಕೊಂಡರು. ಆಯ್ದ ಕೆಲವರು ಮಾತ್ರ ಕುಳಿತು ಸವಿಯುವ ಕಾವ್ಯರಂಗವೇ ಅವರ ಕನಸು. ಈ ಕನಸಿನಲ್ಲಿ ಸತ್ಯವೂ ಇದೆ, ತುಸು ಬಿಂಕವೂ ಇದೆ. ಕೆಲವರಿಗಾಗಿ ಆಡುವುದು ಒಂದು ಮಾತು. ಕೆಲವರು ಮಾತ್ರ ಯೋಗ್ಯರೆಂದು ಭಾವಿಸುವುದು ಇನ್ನೊಂದು. ಪೀಕಾಕ್ ಮುಂದೆ ಹಿಡಿದ ದಾರಿ ಈ ಎರಡನ್ನು ಬೇರ್ಪಡಿಸಿ ತೋರಿಸಿತು.

ಮೊದಲಿನ ಪೀಕಾಕಿನಲ್ಲಿ 102 ಮಂದಿಗೆ ಮಾತ್ರ ಸ್ಥಳವಿದ್ದಿತು. ಅಷ್ಟು ಕಿರಿದಾದ ಕೊಠಡಿಯಲ್ಲಿ 1928ರ ಅಕ್ಟೋಬರಿನಲ್ಲಿ ಹಿಲ್ಟನ್ ಎಡ್ವರ್ಡ್ಸ್ ಮತ್ತು ಮಿಹಾಲ್ ಮ್ಯಾಕ್‌ಲಿಯಾಮರ್ ಎಂಬ ತರುಣರು ಇಬ್ಸೆನ್ನನ ‘ಪೀರ್ ಗಿಂಟ್’ ನಾಟಕವನ್ನು ಆಡಿದರು. ಬೆಟ್ಟ, ಮರುಭೂಮಿ, ಕಡಲಿನ ಬಿರುಗಾಳಿ, ಯಕ್ಷರ ಸಭೆ ಎಲ್ಲವೂ ಬರುವ ನಾಟಕ ಅದು! ಕೋಣೆ ಕಿರಿದಾದ ಮಾತ್ರಕ್ಕೆ ಕಲ್ಪನೆ ಕಿರಿದಾಗಬೇಕಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಮರುವರ್ಷ ಅದೇ ಗೇಟ್ ತಂಡದವರು ಡೆನಿಸ್ ಜಾನ್‌ಸ್ಟನ್ನರ ‘ಮುದುಕಿ ಒಲ್ಲೆನೆನ್ನುತ್ತಾಳೆ’ ಎಂಬ ಕೃತಿಯನ್ನು ಅಲ್ಲಿಯೇ ಅಭಿನಯಿಸಿದರು. 1803ರಲ್ಲಿ ಗಲ್ಲಿಗೇರಿದ ದೇಶಭಕ್ತ ರಾಬರ್ಟ್ ಎಮೆಟ್ಟನ ವೇಷ ಧರಿಸಿದ ನಟನೊಬ್ಬ ತಲೆಗೆ ಪೆಟ್ಟು ಬಿದ್ದು, ಆ ಭ್ರಮೆಯಲ್ಲಿಯೇ ಹೊಸ ಡಬ್ಲಿನ್ನಿನ ಬೀದಿಗಳಲ್ಲಿ ಅಲೆಯುವ ಕಥೆ. ಆಬಿಯವರು ಬೇಡವೆಂದು ಹಿಂದಿರುಗಿಸಿದ್ದ ನಾಟಕವಿದು. ಹೆಸರಿನ ಮುದುಕಿ ಲೇಡಿ ಗ್ರೆಗರಿಯವರೇ ಎಂದು ಜನ ಆಡಿಕೊಂಡರು. ಹಿರಿಯ ರಂಗ ಒಲ್ಲೆನೆಂದುದು ಅದರದೇ ಪಕ್ಕದ ಕೊಠಡಿಯಲ್ಲಿ ಬೆಳಕು ಕಂಡಿತು. ಆದರೆ ಈ ಕೀರ್ತಿ ಕೊಠಡಿಯನ್ನು ಬಳಸಿಕೊಂಡ ತರುಣರದೇ ಹೊರತು ಮನೆಯ ಯಜಮಾನರದಲ್ಲ. 1930ರಲ್ಲಿ ಆ ತಂಡದವರು ತಮ್ಮದೇ ಮನೆ ಮಾಡಿಕೊಂಡು ಹೊರಟುಹೋದರು.

1951ರ ಜುಲೈ ತಿಂಗಳಲ್ಲಿ ಆಬಿ ಬೆಂಕಿಗೆ ಆಹುತಿಯಾಯಿತು. ಮುಂದಿನ ಹದಿನೈದು ವರ್ಷ ಕಂಪನಿ ಕ್ವೀನ್ಸ್ ಎಂಬ ಇನ್ನೂ ವಿಶಾಲವಾದ ನಾಟಕಶಾಲೆಯಲ್ಲಿ ಕಾಲ ಹಾಕಬೇಕಾಯಿತು. ಅಷ್ಟು ಆಸನಗಳನ್ನು ತುಂಬಿಸುವ ಚಿಂತೆಯಲ್ಲಿ ಜನರಂಜಕ ಪ್ರಹಸನಗಳೇ ಹೆಚ್ಚಾದುವು. 1966ರಲ್ಲಿ ಹೊಸ ಆಬಿಯೂ, ಮರುವರ್ಷ ಅದರ ನೆಲಮಾಳಿಗೆಯಲ್ಲಿ ಹೊಸ ಪೀಕಾಕೂ ತೆರೆದುವು.

ಈ ನೆಲಮಾಳಿಗೆಯ ರಂಗದ ನಿಜವಾದ ಫಲವನ್ನು 1983ರಲ್ಲಿ ಆಡಿದ ‘ಮಹಾಕ್ಷಾಮ’ದಲ್ಲಿ ಕಾಣಬಹುದು. ಪ್ಯಾಟ್ರಿಕ್ ಕ್ಯಾವನಾ 1942ರಲ್ಲಿ ಪ್ರಕಟಿಸಿದ ಕವನವನ್ನು ಟಾಮ್ ಮ್ಯಾಕಿಂಟೈರ್ ನಾಟಕವಾಗಿಸಿದರು. ಹೊಲಕ್ಕೂ ತಾಯಿಗೂ ಕಟ್ಟುಬಿದ್ದು, ಮದುವೆಯಿಲ್ಲದೆ ಬತ್ತಿಹೋಗುವ ಬಡ ರೈತ ಮಗ್ವೈರನ ಬಾಳೇ ವಸ್ತು. ಮಾತು ಅತ್ಯಲ್ಪ, ಅಂಗಚೇಷ್ಟೆಯೇ ಪ್ರಧಾನ. ತಾಯಿಯ ಸ್ಥಾನದಲ್ಲಿದ್ದುದು ಒಂದು ಮರದ ಪ್ರತಿಮೆ! ನಟನ ಉಸಿರು ಕೇಳಿಸುವಷ್ಟು ಸಮೀಪದಲ್ಲಿ ಕುಳಿತಾಗಲೇ ಇಂಥ ಮೌನ ಅರ್ಥವಾಗುವುದು. ಯೇಟ್ಸರು ಬಯಸಿದ ನಿಕಟತೆ ಇಲ್ಲಿ ಕೈಗೂಡಿತು. ಆದರೆ ಅದು ಬಿಂಕದ ದಿವಾನಖಾನೆಯಾಗಲಿಲ್ಲ, ಬಡವನ ಒಡಲ ಸಂಕಟಕ್ಕೆ ಕಿವಿಯಾಯಿತು.

1985ರಲ್ಲಿ ಫ್ರಾಂಕ್ ಮ್ಯಾಕ್‌ಗಿನೆಸ್‌ರ ‘ಸೊಮ್ ಕಡೆಗೆ ನಡೆಯುವ ಅಲ್‌ಸ್ಟರಿನ ಮಕ್ಕಳನ್ನು ನೋಡಿ’ ಎಂಬ ನಾಟಕ ಪೀಕಾಕಿನಲ್ಲಿ ಮೊದಲು ಪ್ರದರ್ಶಿತವಾಯಿತು. 1916ರ ಸೊಮ್ ಕದನದಲ್ಲಿ ಬ್ರಿಟಿಷ್ ಪತಾಕೆಯ ಕೆಳಗೆ ಮಡಿದ ಉತ್ತರದ ಪ್ರಾಟೆಸ್ಟೆಂಟ್ ಯೋಧರನ್ನು, ಡಾನೆಗಾಲಿನಲ್ಲಿ ಕ್ಯಾಥೊಲಿಕ್ ಮನೆತನದಲ್ಲಿ ಹುಟ್ಟಿದ ಕವಿ ಸಹಾನುಭೂತಿಯಿಂದ ಚಿತ್ರಿಸಿದನು. ಉತ್ತರದಲ್ಲಿ ರಕ್ತ ಹರಿಯುತ್ತಿದ್ದ ಕಾಲದಲ್ಲಿ, ಐರಿಷ್ ರಾಷ್ಟ್ರೀಯತೆಯ ಮಡಿಲಲ್ಲಿ ಬೆಳೆದ ನಾಟಕಸಂಸ್ಥೆಯೊಂದು ಎದುರು ಪಕ್ಷದವರ ದುಃಖವನ್ನು ತನ್ನ ಮನೆಯಲ್ಲಿ ಕುಳ್ಳಿರಿಸಿಕೊಂಡುದು ಸಾಮಾನ್ಯ ಸಂಗತಿಯಲ್ಲ. 1994ರಲ್ಲಿ ಆ ಕೃತಿ ಮೇಲಿನ ದೊಡ್ಡ ರಂಗಕ್ಕೂ ಏರಿತು.

ನಮ್ಮ ವಿಮರ್ಶೆಯ ತಿರುಳು ಇದೇ. ಕಿರಿಯ ರಂಗವಿದ್ದರೆ ಹಿರಿಯ ಸಂಸ್ಥೆಗೆ ಒಂದು ಸುಲಭದ ನೆಪವೂ ದೊರೆಯುತ್ತದೆ. ಹೊಸತು, ಕಠಿನ, ಅಪ್ರಿಯ ಎನಿಸಿದುದನ್ನೆಲ್ಲ ಕೆಳಮನೆಗೆ ಕಳುಹಿಸಿ, ಮೇಲ್ಮನೆಯಲ್ಲಿ ಹಳೆಯ ಯಶಸ್ಸನ್ನೇ ಮೆಲುಕುಹಾಕುತ್ತ ಕುಳಿತಿರಬಹುದು. ಆಗ ಅದು ರಂಗವಲ್ಲ, ಗಡೀಪಾರಿನ ಸ್ಥಳ. ಹಿಂದೆ ಒಲ್ಲೆನೆಂದ ಮನೆಯೇ 1994ರಲ್ಲಿ ಮೇಲೆ ಬಾ ಎಂದು ಕರೆಯಿತು. ಈ ಎರಡು ನಡೆಗಳ ನಡುವಣ ಅಂತರವೇ ಆ ಸಂಸ್ಥೆ ಕಲಿತ ಪಾಠ. ಕೆಳಗಿನಿಂದ ಮೇಲಕ್ಕೆ ಮೆಟ್ಟಿಲಿದೆಯೇ, ಅದರ ಮೇಲೆ ಹೆಜ್ಜೆಗಳು ನಡೆಯುತ್ತಿವೆಯೇ ಎಂದು ಸಹೃದಯರು ಆಗಾಗ ಕೇಳುತ್ತಿರಬೇಕು.