ಉಡುಪಿಯ ಕಥೆ ಬಿಟ್ಟು ಹಿಗ್ಗಿನ್ಸರನ್ನು ಕೇಳಿ

ಕರ್ನಾಟಕ ಸಂಗೀತ ಹಾಡಿದ ಅಮೆರಿಕದ ಜಾನ್ ಹಿಗ್ಗಿನ್ಸ್ ಹೆಸರೆತ್ತಿದರೆ ಸಾಕು, ನಮ್ಮಲ್ಲಿ ಉಡುಪಿಯ ಕಥೆ ಶುರುವಾಗುತ್ತದೆ. ವಿದೇಶಿಯೆಂದು ದೇವಸ್ಥಾನದ ಒಳಗೆ ಬಿಡಲಿಲ್ಲವಂತೆ, ಹೊರಗೇ ನಿಂತು 'ಕೃಷ್ಣಾ ನೀ ಬೇಗನೆ ಬಾರೋ' ಹಾಡಿದರಂತೆ, ಕೇಳಿದವರು ಕರಗಿ ಒಳಗೆ ಕರೆದರಂತೆ. ಇದು ನಿಜವೋ ಬರೀ ಪ್ರತೀತಿಯೋ ಎಂಬುದು ನನ್ನ ತಕರಾರಲ್ಲ. ಅವರನ್ನು ಇನ್ನೊಬ್ಬ ಕನಕನನ್ನಾಗಿ ಮಾಡಿದ ಮೇಲೆ, ಹಾಡಿದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲವಲ್ಲ, ತಕರಾರು ಅದು.

ಪತ್ರಿಕೆಗಳ ಸಂಗೀತ ವಿಮರ್ಶಕರದ್ದು ಇನ್ನೊಂದು ಬಗೆ. 'ಉಚ್ಚಾರ ಎಷ್ಟು ಶುದ್ಧ, ಅಮೆರಿಕದವರೆಂದು ಗೊತ್ತೇ ಆಗುವುದಿಲ್ಲ!' ಇದನ್ನು ಹೊಗಳಿಕೆ ಎಂದುಕೊಂಡೇ ಬರೆಯುತ್ತಾರೆ. ನಮ್ಮ ಹುಡುಗನೊಬ್ಬ ವಿಯೆನ್ನಾದಲ್ಲಿ ಓದಿ ಶೂಬರ್ಟ್ ಹಾಡಿದರೆ, ಅವನ ಜರ್ಮನ್ ಉಚ್ಚಾರವನ್ನಷ್ಟೇ ಮೆಚ್ಚಿ ಕಳಿಸಿದರೆ ನಮಗೆ ಹೇಗನಿಸೀತು? ಕಲಿಕೆಯನ್ನು ಪವಾಡವೆಂದು ಕರೆದರೆ ಕಲಿತವನ ದುಡಿಮೆಯೂ ಕಲಿಸಿದವರ ಪಾಠವೂ ಒಟ್ಟಿಗೇ ಮರೆಯಾಗುತ್ತವೆ.

ಆ ಪಾಠ ಶುರುವಾದದ್ದು ಕನೆಕ್ಟಿಕಟ್ಟಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ. ಒಂದು ಸಂಗೀತದ ಬಗ್ಗೆ ಬರೆಯಬೇಕಾದರೆ ಮೊದಲು ಅದನ್ನು ಹಾಡಿ, ನುಡಿಸಿ ಕಲಿಯಬೇಕೆಂದು ನಂಬಿದ್ದ ರಾಬರ್ಟ್ ಬ್ರೌನ್ ಅಲ್ಲಿದ್ದರು. ಮೃದಂಗದ ರಂಗನಾಥನ್ ಅಲ್ಲಿಗೇ ಹೋಗಿ ಕಲಿಸಿದರು. 1964ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಮದರಾಸಿಗೆ ಬಂದ ಹಿಗ್ಗಿನ್ಸ್, ರಂಗನಾಥನ್ನರ ತಮ್ಮ ವಿಶ್ವನಾಥನ್ ಬಳಿ, ಆಮೇಲೆ ಅಕ್ಕ, ಭರತನಾಟ್ಯದ ಬಾಲಸರಸ್ವತಿ ಬಳಿ ಕಲಿತರು. ಮೂವರೂ ವೀಣಾ ಧನಮ್ಮಾಳ್ ಮೊಮ್ಮಕ್ಕಳು. ಊರೂರಿನ ವಿದ್ವಾಂಸರಿಂದ ಚೂರುಪಾರು ಸಂಗ್ರಹಿಸುವ ಸಂಶೋಧಕರ ದಾರಿ ಬಿಟ್ಟು ಒಂದೇ ಮನೆಯ ಬಾನಿಗೆ ತಮ್ಮನ್ನು ಒಪ್ಪಿಸಿಕೊಂಡದ್ದು ಅವರ ದೊಡ್ಡ ನಿರ್ಧಾರ.

ಉಡುಪಿಯ ಕಥೆಯವರು ಹೆಸರಿಸಿಯೂ ಕೇಳದ ಆ ಹಾಡಿನಲ್ಲೇ ಈ ಬಾನಿಯ ಗುರುತು ಸಿಗುತ್ತದೆ. ವ್ಯಾಸರಾಯರ ದೇವರನಾಮ, ಯಮುನಾ ಕಲ್ಯಾಣಿ, ಮಿಶ್ರಛಾಪು. ಕಛೇರಿಯ ಕೊನೆಯಲ್ಲಿ ತುಕ್ಕಡವಾಗಿ ಬಂದಾಗ ಮೂರು-ನಾಲ್ಕರ ಆ ನಡೆ ಓಲಾಡತೊಡಗಿ, ಹಾಡು ಬರೀ ಲಾಲಿತ್ಯಕ್ಕೆ ಇಳಿದುಬಿಡುತ್ತದೆ. ಹಿಗ್ಗಿನ್ಸ್ ಅದನ್ನು 'ಪದ'ದ, ಅಂದರೆ ಅಭಿನಯಕ್ಕೆ ನಿಧಾನವಾಗಿ ಹಾಡುವ ರಚನೆಯ, ಗತಿಗೆ ತರುತ್ತಾರೆ. ವಿಳಂಬದಲ್ಲಿ ಅಕ್ಷರ ಅಕ್ಷರಕ್ಕೂ ಜಾಗವಿದೆ. 'ಬಾರೋ' ಎಂಬಲ್ಲಿನ ಓಕಾರವನ್ನು ಬಿರ್ಕಾ ಹಾಕಿ ತುಂಬಿಸುವ ಆತುರವಿಲ್ಲ. ಪಲ್ಲವಿಗೆ ಮರಳಿದಾಗಲೆಲ್ಲ ಅದೇ ಸಾಲು, ಆದರೆ ಕರೆಯುವವಳ ಮನಸ್ಸು ಬೇರೆ. ಯಾಕೆ ಹೀಗೆ? ಸತ್ಯಜಿತ್ ರೇ 1976ರಲ್ಲಿ ತೆಗೆದ 'ಬಾಲಾ' ಚಿತ್ರ ನೋಡಿದವರಿಗೆ ತಿಳಿಯುತ್ತದೆ. ಅಲ್ಲಿ ಬಾಲಸರಸ್ವತಿ ಸಮುದ್ರ ದಂಡೆಯಲ್ಲಿ ಇದೇ ಹಾಡಿಗೆ ಅಭಿನಯಿಸುತ್ತಾರೆ. ಒಂದೇ ಸಾಲಿಗೆ ಮುದ್ದು, ಕೋಪ, ಬೇಡಿಕೆ ಎಲ್ಲ ಬರಬೇಕಾದರೆ ಹಾಡುವವರು ಅವಸರಪಡುವಂತಿಲ್ಲ. ಸಂಗತಿಗಳನ್ನು ಪೇರಿಸಿದರೆ ಅಭಿನಯಕ್ಕೆ ಎಡೆಯೇ ಉಳಿಯದು. ಕಣ್ಣಮುಂದೆ ನರ್ತಕಿ ಇಲ್ಲದಾಗಲೂ ಹಿಗ್ಗಿನ್ಸ್ ಆ ಎಡೆಯನ್ನು ಕಾಯ್ದುಕೊಳ್ಳುತ್ತಾರೆ.

ವಿಶ್ವವಿದ್ಯಾಲಯದ ಓದಿನಿಂದ ಹಾಡಿಕೆ ಒಣಗುತ್ತದೆ ಎನ್ನುವವರಿಗೂ ಇಲ್ಲೇ ಉತ್ತರವಿದೆ. 1973ರ ಅವರ ಡಾಕ್ಟರೇಟ್ ಪ್ರಬಂಧದ ವಿಷಯವೇ ಭರತನಾಟ್ಯದ ಸಂಗೀತ. ಪ್ರಬಂಧಕ್ಕೆ ಕೂತವರೂ ಪದ ಹಾಡಲು ಕೂತವರೂ ಒಬ್ಬರೇ, ಒಂದು ಇನ್ನೊಂದಕ್ಕೆ ನೀರೆರೆದಿದೆ.

ಮನೋಧರ್ಮದಲ್ಲಿ ಅವರು ಹೆಚ್ಚು ದೂರ ಹೋಗುವುದಿಲ್ಲ, ಕಲ್ಪನಾಸ್ವರದಲ್ಲಿ ಹುಷಾರಿ ಎದ್ದು ಕಾಣುತ್ತದೆ. ಒಪ್ಪಿದೆ. ಅದನ್ನೇ ಹಿಡಿದು ತೂಗುವವರು ಮದರಾಸಿನ ಸಭಾ ಕಛೇರಿಯ ತಕ್ಕಡಿಯನ್ನು ಧನಮ್ಮಾಳ್ ಮನೆಗೆ ಒಯ್ಯುತ್ತಿದ್ದಾರೆ.

1971ರಲ್ಲಿ ಮೃದಂಗದ ತಿರುಚ್ಚಿ ಶಂಕರನ್ ಜೊತೆ ಟೊರಾಂಟೋದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕರ್ನಾಟಕ ಸಂಗೀತದ ಪಾಠ ಆರಂಭಿಸಿದ ಹಿಗ್ಗಿನ್ಸ್, 1984ರ ಡಿಸೆಂಬರಿನಲ್ಲಿ ವಾಹನ ಬಡಿದು ತೀರಿಕೊಂಡಾಗ ಅವರಿಗೆ 45 ವರ್ಷ. ಧ್ವನಿಮುದ್ರಿಕೆಗಳಿವೆ. ಬಾಲಸರಸ್ವತಿಯವರ ಹಾಡಿಕೆಯ ಪಕ್ಕದಲ್ಲಿಟ್ಟು, ಪಲ್ಲವಿಯಿಂದ ಪಲ್ಲವಿಗೆ ಅವನ್ನು ಕೇಳಿ ಬರೆಯುವ ಕೆಲಸವನ್ನು ಕನ್ನಡದ ವಿಮರ್ಶಕರು ಮಾಡಬೇಕು, ಹಾಡು ಕನ್ನಡದ್ದು.