ಗ್ರಾಂಟ್ ರೋಡಿನ ನಗೆಯೂ ಇಗ್ಗಪ್ಪ ಹೆಗ್ಗಡೆಯ ಮದುವೆಯೂ

ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ನಾಟಕವೆಂದು ಎಣಿಸಲ್ಪಡುವ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ ಅಥವಾ ಕನ್ಯಾವಿಕ್ರಯದ ಪರಿಣಾಮವು’ 1887ರಲ್ಲಿ ಪ್ರಕಟವಾದುದು ಕನ್ನಡನಾಡಿನ ಪಟ್ಟಣವೊಂದರಲ್ಲಲ್ಲ, ಮುಂಬಯಿಯಲ್ಲಿ. ಅದರ ಕರ್ತೃಗಳು ಉತ್ತರ ಕನ್ನಡದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು. ಈ ಕೃತಿಯ ಹೊಸತನವನ್ನು ಅರಿಯಬೇಕಾದರೆ ಆ ನಗರದ ರಂಗಭೂಮಿಯನ್ನು ನೆನೆಯುವುದು ಅವಶ್ಯ.

ಗ್ರಾಂಟ್ ರೋಡಿನ ನಾಟಕಶಾಲೆ 1846ರಲ್ಲಿ ತೆರೆಯಿತು. 1853ರಲ್ಲಿ ಸಾಂಗಲಿಯ ವಿಷ್ಣುದಾಸ ಭಾವೆಯವರು ತಮ್ಮ ಪೌರಾಣಿಕ ನಾಟಕಗಳನ್ನು ಅಲ್ಲಿ ಆಡಿದರು. ಸಾಂಗಲಿಗೆ ಬಂದ ಕನ್ನಡ ಭಾಗವತ ಮೇಳವೇ ಅವರ ನಾಟಕಗಳಿಗೆ ಪ್ರೇರಣೆಯಾಗಿದ್ದಿತು. ಅದೇ ವರ್ಷ ಪಾರ್ಸಿ ನಾಟಕ ಮಂಡಳಿಯು ಅಲ್ಲಿ ರುಸ್ತುಂ-ಸೊಹ್ರಾಬರ ಕಥೆಯನ್ನಾಡಿ, ಕೊನೆಗೆ ಒಂದು ಪ್ರಹಸನವನ್ನು ಜೋಡಿಸಿತು. ಹೀಗೆ ಒಂದೇ ರಾತ್ರಿಯಲ್ಲಿ ಪುರಾಣಕ್ಕೆ ಅಥವಾ ಇತಿಹಾಸಕ್ಕೆ ಮುಖ್ಯಾಸನ, ಸಮಕಾಲೀನ ಬದುಕಿನ ನಗೆಗೆ ಬಾಗಿಲ ಬಳಿಯ ಮಣೆ ಎಂಬ ವ್ಯವಸ್ಥೆ ರೂಢಿಗೆ ಬಂದಿತು.

ಶಾಸ್ತ್ರಿಗಳು ಆ ಮಣೆಯನ್ನೇ ಮುಖ್ಯಾಸನವಾಗಿ ಮಾಡಿದರು. ಪ್ರಹಸನವೆಂಬ ಹೆಸರು ಸಂಸ್ಕೃತದ್ದು. ಆದರೆ ಇಲ್ಲಿ ನಗೆಗೆ ಗುರಿಯಾದುದು ಕಪಟ ಸನ್ಯಾಸಿಯಲ್ಲ. ಹೆಣ್ಣಿಗೆ ಬೆಲೆ ಕಟ್ಟುವ ಸ್ವಂತ ಸಮಾಜ. ಪಾತ್ರಗಳ ಬಾಯಲ್ಲಿ ಹವ್ಯಕರ ಮನೆಮಾತನ್ನೇ ಇರಿಸಿದುದು ಇನ್ನೂ ದೊಡ್ಡ ಧೈರ್ಯ. ಗ್ರಾಂಥಿಕ ಭಾಷೆಯಲ್ಲಿ ನಡೆದರೆ ಧರ್ಮಚರ್ಚೆಯಂತೆ ಕೇಳಿಸುವ ಕ್ರಯವಿಕ್ರಯವು ಮನೆಮಾತಿನಲ್ಲಿ ಅಡಕೆಯ ವ್ಯಾಪಾರದಂತೆಯೇ ಕೇಳಿಸುತ್ತದೆ. ವಿಡಂಬನೆಗೆ ಬೇರೆ ವ್ಯಾಖ್ಯಾನ ಬೇಡವಾಗುತ್ತದೆ.

ಕಾಲವೂ ಗಮನಾರ್ಹವಾದುದು. ಬಾಲ್ಯದಲ್ಲಿ ತನ್ನ ಸಮ್ಮತಿಯಿಲ್ಲದೆ ನಡೆದ ವಿವಾಹವನ್ನು ಒಪ್ಪದ ರಖಮಾಬಾಯಿಯವರಿಗೆ, ಗಂಡನ ಮನೆಗೆ ಹೋಗು, ಇಲ್ಲವೇ ಸೆರೆಮನೆಗೆ ನಡೆ ಎಂದು ಮುಂಬಯಿಯ ಹೈಕೋರ್ಟು ಆಜ್ಞಾಪಿಸಿದುದು ಅದೇ 1887ರಲ್ಲಿ. ಅವರು ಸೆರೆಮನೆಯೇ ಲೇಸೆಂದರು. ನ್ಯಾಯಾಲಯದಲ್ಲಿ ಕಿಚ್ಚಾಗಿದ್ದ ಪ್ರಶ್ನೆಯೇ ಶಾಸ್ತ್ರಿಗಳ ಕೃತಿಯಲ್ಲಿ ನಗೆಯಾಗಿದೆ.

ಆದರೆ ಕೃತಿಯ ಕುಂದೂ ಅದರ ಹೆಸರಿನಲ್ಲಿಯೇ ಇದೆ. ‘ಪರಿಣಾಮವು’ ಎಂಬ ಪದವು ಪ್ರೇಕ್ಷಕನು ನಗುವ ಮುನ್ನವೇ ತೀರ್ಪನ್ನು ಕೊಟ್ಟುಬಿಡುತ್ತದೆ. ಇದೇ ಪಿಡುಗನ್ನು ಕುರಿತು ತೆಲುಗಿನಲ್ಲಿ 1892ರಲ್ಲಿ ರಂಗವೇರಿದ ಗುರಜಾಡ ಅಪ್ಪಾರಾವ್ ಅವರ ‘ಕನ್ಯಾಶುಲ್ಕಂ’ನಲ್ಲಿ ಗಿರೀಶನೆಂಬ ವಂಚಕನೇ ಮನಸ್ಸನ್ನು ಗೆಲ್ಲುತ್ತಾನೆ, ಅಲ್ಲಿ ಉಪದೇಶವು ಪಾತ್ರದ ಹಿಂದೆ ನಿಲ್ಲುತ್ತದೆ. ಮರಾಠಿಯ ‘ಶಾರದಾ’ ಬಂದುದು 1899ರಲ್ಲಿ. ಕಾಲದಲ್ಲಿ ಇವೆರಡಕ್ಕೂ ಹಿರಿಯದಾದ ಕನ್ನಡ ಕೃತಿಯು ಕೀರ್ತಿಯಲ್ಲಿ ಕಿರಿಯದಾಗಿ ಉಳಿಯಿತು. ಅದಕ್ಕೆ ಉಪದೇಶದ ಭಾರವೂ ಒಂದು ಕಾರಣ. ಅದರ ಶಕ್ತಿಯಾದ ಉಪಭಾಷೆಯೇ ಅದರ ಎಲ್ಲೆಯೂ ಆದುದು ಇನ್ನೊಂದು.

ಇಂದು ಅದೇ ಅಡಕೆಯ ಸೀಮೆಯಲ್ಲಿ ಹೆಣ್ಣುಮಕ್ಕಳು ಓದಿ ನಗರಗಳಿಗೆ ನಡೆದಿದ್ದಾರೆ. ತೋಟದ ತರುಣರಿಗೆ ಕನ್ಯೆ ದೊರೆಯುವುದು ದುರ್ಲಭವಾಗಿದೆ. ಬೆಲೆ ಕಟ್ಟುವವರು ಬದಲಾದರು. ಕಟ್ಟುವ ಅಭ್ಯಾಸ ಅಳಿಯಿತೇ? ಇಗ್ಗಪ್ಪ ಹೆಗ್ಗಡೆಯನ್ನು ನೋಡಿ ನಗುವವರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರರು. ಪ್ರಹಸನವು ಸಾಹಿತ್ಯವಾಗಿ ಉಳಿದಿದೆ ಎನ್ನಲು ಅಷ್ಟೇ ಸಾಕು.