ಮೂರು ತೂತುಗಳ ಸಾಕ್ಷ್ಯ

ಬೇಟೆಯ ರೈಫಲ್ಲಿಗೆ ಬೇಕಾದ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುವ ಅಭ್ಯಾಸ ಅಮೆರಿಕದಲ್ಲಿ ಬಲವಾಗಿ ಬೇರೂರಿದೆ. ಅಂಗಡಿಯಲ್ಲಿ ಸಿಗುವ ತೋಟಾ ಬಿಟ್ಟು ಇಷ್ಟೊಂದು ಪಾಡು ಯಾಕೆ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಗುರಿ ಬಿಗಿಯಾಗುತ್ತದೆ. ಪುರಾವೆಗೆ ನೂರು ಗಜ ದೂರದಲ್ಲಿಟ್ಟ ಕಾಗದವೊಂದನ್ನು ತೋರಿಸುತ್ತಾರೆ. ಅದರಲ್ಲಿ ಮೂರು ತೂತು, ಮೂರೂ ಒಂದಕ್ಕೊಂದು ಅಂಟಿಕೊಂಡಂತೆ. ಈ ಕಸುಬಿನ ಬಗ್ಗೆ ನನಗೆ ತುಂಬಾ ಗೌರವವಿದೆ. ಆ ಕಾಗದದ ಮೇಲೆ ಮಾತ್ರ ನಂಬಿಕೆಯಿಲ್ಲ.

ಮೊದಲು ಕಸುಬಿನ ಮಾತು. ಹಾರಿಸಿದ ತೋಟಾದಲ್ಲಿ ಉಳಿಯುವುದು ಹಿತ್ತಾಳೆಯ ಕೋಶ. ಅದನ್ನು ತೊಳೆದು, ಉಕ್ಕಿನ ಅಚ್ಚಿಗೆ ಹಾಕಿ ಒತ್ತಿ ಮೊದಲಿನ ಅಳತೆಗೆ ತರುತ್ತಾರೆ. ಬುಡಕ್ಕೆ ಮದ್ದಿಗೆ ಕಿಡಿ ಕೊಡುವ ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಸುರಿದು, ಬಾಯಿಗೆ ಗುಂಡು ಕೂರಿಸುತ್ತಾರೆ. ಮದ್ದಿನ ತೂಕ ಗ್ರೇನಿನ ಲೆಕ್ಕದಲ್ಲಿ. 7000 ಗ್ರೇನ್ ಸೇರಿದರೆ ಒಂದು ಪೌಂಡು. ತೂಗುವುದು ಗ್ರೇನಿನ ಹತ್ತನೇ ಒಂದು ಭಾಗದವರೆಗೆ, ಅಂದರೆ ಸುಮಾರು ಆರೂವರೆ ಮಿಲಿಗ್ರಾಂ. ತಕ್ಕಡಿಯ ಬಟ್ಟಲಿನ ಮೇಲೆ ಸಣ್ಣದೊಂದು ಕೊಳವೆಯನ್ನು ಬೆರಳಲ್ಲಿ ತಿರುವುತ್ತಾ ಕೊನೆಯ ಕಾಳುಗಳನ್ನು ಒಂದೊಂದಾಗಿ ಉದುರಿಸುವಾಗಿನ ಏಕಾಗ್ರತೆ, ಗುಲಗಂಜಿ ಹಾಕಿ ಚಿನ್ನ ತೂಗುತ್ತಿದ್ದ ಅಕ್ಕಸಾಲಿಯದು.

ಇದರಲ್ಲಿ ನಿಜವಾದ ಲಾಭವೂ ಇದೆ. ನಳಿಗೆಯೊಳಗಿನ ಸುರುಳಿ ಗೆರೆಗಳು ಶುರುವಾಗುವ ಜಾಗಕ್ಕೂ ಗುಂಡಿಗೂ ನಡುವೆ ಎಷ್ಟು ಅಂತರವಿರಬೇಕು ಎನ್ನುವುದು ರೈಫಲ್ಲಿನಿಂದ ರೈಫಲ್ಲಿಗೆ ಬದಲಾಗುತ್ತದೆ. ಕಾರ್ಖಾನೆಯ ತೋಟಾ ಆ ಅಳತೆಯ ಎಲ್ಲ ರೈಫಲ್ಲುಗಳಲ್ಲೂ ಸಲೀಸಾಗಿ ಕೂರಬೇಕು. ಮನೆಯಲ್ಲಿ ತುಂಬುವವನು ತನ್ನದೊಂದೇ ನಳಿಗೆಯ ಮರ್ಜಿ ನೋಡಿದರೆ ಸಾಕು.

ತಕರಾರು ಹುಟ್ಟುವುದು ಫಲವನ್ನು ಅಳೆಯುವ ಕಡೆ. ಮದ್ದನ್ನು ಚೂರು ಚೂರೇ ಏರಿಸುತ್ತಾ, ಒಂದೊಂದು ಹಂತಕ್ಕೆ ಮೂರು ಗುಂಡು ಹೊಡೆದು, ಎಲ್ಲಕ್ಕಿಂತ ಚಿಕ್ಕ ಗುಂಪು ಬಂದ ಹಂತವನ್ನೇ ಆರಿಸಿಕೊಳ್ಳುವುದು ವಾಡಿಕೆ. ಆದರೆ ಒಂದೇ ರೈಫಲ್, ಒಂದೇ ತೋಟಾ ಆದರೂ ಮೂರು ಗುಂಡಿನ ಗುಂಪು ಒಮ್ಮೆ ಮುಕ್ಕಾಲು ಇಂಚು, ಇನ್ನೊಮ್ಮೆ ಒಂದೂವರೆ ಇಂಚು ಬರುವುದು ತೀರಾ ಸಹಜ. ಸಂಭವನೀಯತೆಯ ಲೆಕ್ಕದಲ್ಲಿ, ಹತ್ತು ಗುಂಡಿನ ಗುಂಪು ಮೂರರ ಗುಂಪಿಗಿಂತ ಸರಾಸರಿ ಒಂದೂವರೆ ಪಟ್ಟಿಗೂ ಮಿಕ್ಕಿ ಅಗಲವಾಗುತ್ತದೆ. ಹಾಗಾಗಿ ಹತ್ತು ಹಂತಗಳಲ್ಲಿ ಒಂದನ್ನು ಹೆಕ್ಕಿದವನು ಒಳ್ಳೆಯ ತೋಟಾ ಸಿಕ್ಕಿತು ಅಂದುಕೊಳ್ಳುತ್ತಾನೆ, ಅವನಿಗೆ ಸಿಕ್ಕಿರುವುದು ಬಹುಪಾಲು ಆ ದಿನದ ಅದೃಷ್ಟ. ಮರುವಾರ ಅದೇ ತೋಟಾ ಚದುರಿದರೆ ಗಾಳಿಯನ್ನೋ ದುರ್ಬೀನನ್ನೋ ಬೈದು ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ. ಈ ಹುಡುಕಾಟದಲ್ಲಿ ಕೈಪಿಡಿ ಹೇಳಿದ ಮಿತಿ ದಾಟಿ ಮದ್ದು ಏರಿಸುವವರೂ ಇದ್ದಾರೆ. ಅದು ರೈಫಲ್ಲಿಗೂ ಮುಖಕ್ಕೂ ಅಪಾಯ.

ಬೇಟೆಗೆ ಇಷ್ಟು ಬಿಗಿ ಬೇಕೇ? ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಹೆಚ್ಚೂಕಡಿಮೆ ಎಂಟು ಇಂಚಿನ ವೃತ್ತ. ನೂರು ಗಜಕ್ಕೆ ಎರಡು ಇಂಚು ಹರಡುವ ಸಾಧಾರಣ ರೈಫಲ್ ಕೂಡ ಇನ್ನೂರು ಗಜದಲ್ಲಿ ನಾಲ್ಕು ಇಂಚಿನೊಳಗೇ ಇರುತ್ತದೆ. ಗುಂಡಿನ ವೇಗದಲ್ಲಿ ಸೆಕೆಂಡಿಗೆ ಐವತ್ತು ಅಡಿ ವ್ಯತ್ಯಾಸ ಬಂದರೆ ಸಾವಿರ ಗಜದಲ್ಲಿ ಏಟು ಒಂದು ಅಡಿಗೂ ಮಿಕ್ಕಿ ಮೇಲೆ ಕೆಳಗಾಗುತ್ತದೆ, ಇನ್ನೂರು ಗಜದಲ್ಲಿ ಅರ್ಧ ಇಂಚಿನ ಆಸುಪಾಸು. ಅದೇ ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ .308 ಅಳತೆಯ ರೈಫಲ್ಲಿನ ಗುಂಡನ್ನು ಮುನ್ನೂರು ಗಜದಲ್ಲಿ ಆರೇಳು ಇಂಚು ಪಕ್ಕಕ್ಕೆ ತಳ್ಳುತ್ತದೆ. ಏದುಸಿರಿನಲ್ಲಿ ನಿಂತು ಹೊಡೆಯುವವನ ಕೈನಡುಕದ ಮುಂದೆ ಮೇಜಿನ ಮೇಲೆ ಉಳಿಸಿದ ಕಾಲು ಇಂಚು ಯಾವ ಲೆಕ್ಕ?

ಗುರಿಸ್ಪರ್ಧೆಯ ಪಟ್ಟುಗಳನ್ನು ಕಾಡಿಗೆ ತಂದರೆ ಕೇಡೂ ಉಂಟು. ಕೋಶದ ಕತ್ತನ್ನಷ್ಟೇ ಒತ್ತಿ ಮೈಯನ್ನು ಹಾಗೇ ಬಿಟ್ಟರೆ ತೋಟಾ ನಿಖರವಾಗುತ್ತದೆಂದು ಕೆಲವರ ನಂಬಿಕೆ. ಅಂಥ ತೋಟಾ ಚಳಿಯಲ್ಲಿ, ಧೂಳಿನಲ್ಲಿ ಗೂಡಿಗೆ ಹೋಗದೆ ಸಿಕ್ಕಿಕೊಳ್ಳಬಹುದು. ಗುಂಡನ್ನು ಸುರುಳಿ ಗೆರೆಗೆ ತಾಗುವಷ್ಟು ಹೊರಗೆ ಕೂರಿಸಿದರೆ ಮ್ಯಾಗಜೀನಿನಲ್ಲಿ ಹಿಡಿಸದೆ ಹೋದೀತು. ಅದಕ್ಕಿಂತ ಕೆಟ್ಟದ್ದು ಸಂಜೆ ತೋಟಾ ಹೊರತೆಗೆಯುವಾಗ ಆಗುವ ಪಜೀತಿ: ಗುಂಡು ನಳಿಗೆಯಲ್ಲೇ ಕಚ್ಚಿಕೊಂಡು ಉಳಿದು, ಬರೀ ಕೋಶ ಈಚೆ ಬಂದು, ಮದ್ದೆಲ್ಲ ಬೋಲ್ಟಿನ ಸಂದಿಗೆ ಚೆಲ್ಲುತ್ತದೆ.

ಹಾಗಾದರೆ ಈ ಕಸುಬಿನ ಹೆಚ್ಚುಗಾರಿಕೆ ಎಲ್ಲಿದೆ? ಅಮೆರಿಕದ ಬೇಟೆಗಾರ ಜಾನ್ ನಾಸ್ಲರ್ ಕಥೆ ನೋಡಿ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಅವನು ಹೊಡೆದ ಗುಂಡುಗಳು ಮೂಸ್ ಎಂಬ ಭಾರೀ ಕಡವೆಯ ಮೈಯೊಳಗೆ ಸಾಕಷ್ಟು ಇಳಿಯದೆ ಹೋದವು. ಗುರಿ ತಪ್ಪಿರಲಿಲ್ಲ, ಗುಂಡೇ ಸೋತಿತ್ತು. ಅವನು ಗುಂಡಿನ ನಡುವೆ ಒಂದು ಗೋಡೆ ಬರುವಂತೆ ಮಾಡಿದ. ಮುಂಭಾಗ ಅರಳುತ್ತದೆ, ಹಿಂಭಾಗ ಗಟ್ಟಿಯಾಗಿ ಉಳಿದು ಒಳಗೆ ನುಗ್ಗುತ್ತದೆ. 1948ರಲ್ಲಿ ಶುರುವಾದ ಅವನ ಕಂಪನಿ ಆ ಗುಂಡನ್ನು ಮಾರಿದ್ದು ಮನೆಯಲ್ಲಿ ತೋಟಾ ತುಂಬುವವರಿಗೆ. ಪ್ರಾಣಿ ನರಳದೆ ಸಾಯಬೇಕೆಂಬ ಕಾಳಜಿಯಿಂದ ಹುಟ್ಟಿದ ಇಂಥ ಕೆಲಸವನ್ನೇ ನಾನು ಈ ಕಸುಬಿನ ಮೇಲ್ಪಂಕ್ತಿ ಎನ್ನುತ್ತೇನೆ.

ಈ ಕಸುಬು ನೆರವಿಗೆ ಬರುವ ಇನ್ನೆರಡು ಕಡೆಗಳಿವೆ. ಮೊದಲನೆಯದು ಸೀಸವಿಲ್ಲದ ಗುಂಡು. ಬೇಟೆಗಾರರು ಬಿಟ್ಟುಹೋದ ಕಳೇಬರದಲ್ಲಿನ ಸೀಸದ ಚೂರು ತಿಂದು ಕಾಂಡರ್ ರಣಹದ್ದುಗಳು ಸಾಯುತ್ತಿದ್ದವು. 2019ರ ಜುಲೈನಿಂದ ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ. ಅದರ ಬದಲು ಬಳಸುವ ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅಷ್ಟೇ ತೂಕದ ಗುಂಡು ಹೆಚ್ಚು ಉದ್ದವಾಗುತ್ತದೆ, ಕೋಶದೊಳಗಿನ ಜಾಗ ತಿನ್ನುತ್ತದೆ. ಹಳೆಯ ರೈಫಲ್ಲಿಗೆ ಅದನ್ನು ಒಗ್ಗಿಸಲು ತಾಳ್ಮೆಯ ಕೈ ಬೇಕು. ಇನ್ನು ನಿಂತುಹೋದ ತೋಟಾಗಳ ಮಾತು. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಹಿಡಿಯುತ್ತಿದ್ದ .405 ವಿಂಚೆಸ್ಟರ್ ಕನ್ನಡ ಓದುಗರಿಗೆ ತೇಜಸ್ವಿಯವರ 'ಕಾಡಿನ ಕಥೆಗಳು' ಮೂಲಕ ಪರಿಚಿತ. 1904ರಲ್ಲಿ ಬಂದ ಆ ತೋಟಾವನ್ನು ಕಾರ್ಖಾನೆ ದಶಕಗಳ ಕಾಲ ಕೈಬಿಟ್ಟಿತ್ತು. ಅಮೆರಿಕದಲ್ಲಿ ಆ ರೈಫಲ್ಲುಗಳು ಗೋಡೆಯ ಅಲಂಕಾರವಾಗದಂತೆ ಉಳಿಸಿದವರು ಈ ಮನೆಯ ಕಸುಬುದಾರರೇ.

ನಿಖರತೆಯನ್ನು ಅಳೆಯುವ ಬಗೆ ಬದಲಾಗಲಿ ಎಂಬುದಷ್ಟೇ ನನ್ನ ಒತ್ತಾಯ. ಬೇಟೆಯಲ್ಲಿ ಲೆಕ್ಕಕ್ಕೆ ಬರುವುದು ತಣ್ಣಗಿನ ನಳಿಗೆಯಿಂದ ಹೊರಡುವ ಮೊದಲ ಗುಂಡು. ಒಂದೇ ಕಾಗದವನ್ನು ಬೇರೆ ಬೇರೆ ದಿನ ಕಟ್ಟಿ, ಚಳಿಯಲ್ಲೂ ಬಿಸಿಲಲ್ಲೂ, ದಿನಕ್ಕೆ ಒಂದೇ ಗುಂಡು ಹೊಡೆದು ಹತ್ತು ಹನ್ನೆರಡು ತೂತು ಕೂಡಿಸಲಿ. ಮೇಜು ಬಿಟ್ಟು, ಮೊಣಕಾಲೂರಿ ಹೊಡೆಯಲಿ. ಆಗ ಬರುವ ಗುಂಪು ನಾಲ್ಕು ಇಂಚೋ ಐದು ಇಂಚೋ ಆದೀತು. ಎಷ್ಟು ದೂರದವರೆಗೆ ಕುದುರೆ ಎಳೆಯಬಹುದು, ಎಲ್ಲಿಂದಾಚೆಗೆ ರೈಫಲ್ ಇಳಿಸಬೇಕು ಎಂಬುದನ್ನು ಆ ಅಗಲವೇ ಹೇಳುತ್ತದೆ.